ಮುಚ್ಚಿಡುವುದಕ್ಕೂ ಆಸರೆಗೂ ನಡುವೆ

ಕುತುಬೋದ್ದೀನ ಮಾಸ್ತರರಿಗೆ ಜೋಡಿ ಶಬ್ದಗಳ ಹುಚ್ಚು. ಬೀದರದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರಿಗೆ, ನೋಡಲು ಅಣ್ಣತಮ್ಮಂದಿರಂತಿರುವ ಎರಡು ಶಬ್ದ ಸಿಕ್ಕರೆ ಹಸಿವು ನೀರಡಿಕೆ ಮರೆತುಹೋಗುತ್ತಿತ್ತು. ‘ಸೀ’ ಅಂದರೆ ಕಣ್ಣಿಗೆ ತಾನಾಗಿ ಬಿದ್ದದ್ದು, ‘ಲುಕ್’ ಅಂದರೆ ನಾವಾಗಿ ಕಣ್ಣು ಹಾಯಿಸಿದ್ದು. ‘ಹಿಯರ್’ ಕಿವಿಯ ಕೆಲಸ, ‘ಲಿಸನ್’ ಮನಸ್ಸಿನ ಕೆಲಸ. ಹೀಗೆ ಬೋರ್ಡಿನ ನಡುವೆ ಗೆರೆ ಎಳೆದು, ಆ ಕಡೆ ಒಂದು ಈ ಕಡೆ ಒಂದು ಬರೆದು, ಉದಾಹರಣೆಯ ಮೇಲೆ ಉದಾಹರಣೆ ಪೇರಿಸುತ್ತಿದ್ದರು. ಹುಡುಗರು ಆಕಳಿಸಿದರೆ ಸಿಟ್ಟಿಲ್ಲ, ಇನ್ನೆರಡು ಉದಾಹರಣೆ ಹೆಚ್ಚಿಗೆ ಬೀಳುತ್ತಿದ್ದವು, ಅಷ್ಟೇ. ಜೊತೆಯ ಮಾಸ್ತರರು ಬೆನ್ನ ಹಿಂದೆ ನಗುವುದು ಅವರಿಗೂ ಗೊತ್ತಿತ್ತು. ನಗಲಿ ಬಿಡಿ, ಒಂದೊಂದು ಶಬ್ದವನ್ನು ಅದರದರ ಜಾಗದಲ್ಲಿ ಕೂರಿಸುವುದೂ ನಮಾಜಿನಷ್ಟೇ ಶ್ರದ್ಧೆಯ ಕೆಲಸವೆಂದು ಅವರು ನಂಬಿದ್ದರು.

ಅಂಥ ಮನುಷ್ಯ ಈಗ ಠಾಣಾ ಕುಶನೂರಿನ ಆಚೆ, ಎದೆಯೆತ್ತರ ಬೆಳೆದ ತೊಗರಿ ಹೊಲದಲ್ಲಿ ಬೋರಲು ಬಿದ್ದಿದ್ದರು. ಶೇರವಾನಿಗೆಲ್ಲ ಎರೆಮಣ್ಣು ಮೆತ್ತಿತ್ತು. ಟೋಪಿ ಎಲ್ಲಿ ಬಿತ್ತೋ ಅವರಿಗೇ ಗೊತ್ತಿರಲಿಲ್ಲ.

ಅದು ನಲವತ್ತೆಂಟನೆಯ ಇಸವಿ, ಪೊಲೀಸ್ ಕಾರ್ಯಾಚರಣೆಯ ಸಪ್ಟೆಂಬರು. ಹಿಂದೂಸ್ತಾನದ ಫೌಜು ಹೈದರಾಬಾದ ಸಂಸ್ಥಾನದೊಳಗೆ ಬಂದು, ನಿಜಾಮರು ಶರಣಾಗಿ, ಸುದ್ದಿ ಊರೂರು ತಿರುಗಿತ್ತು. ಅದಕ್ಕೂ ಮೊದಲು ನಿಜಾಮರ ಹೆಸರು ಹೇಳಿ ಬಂದೂಕು ಹಿಡಿದ ರಜಾಕಾರರು ಹಳ್ಳಿಗಳನ್ನು ಸುಟ್ಟು, ಜನರನ್ನು ಕೊಂದು, ಕೈಗೆ ಸಿಕ್ಕದ್ದನ್ನು ಒಯ್ದಿದ್ದರು. ಫೌಜು ಬಂದ ಕೂಡಲೇ ಅವರು ಓಡಿಹೋದರು, ಅವರ ಪಾಪ ಮಾತ್ರ ಹಿಂದೆ ಉಳಿದವರ ತಲೆಯ ಮೇಲೆ ಬಿತ್ತು. ಗಡ್ಡ ಇದ್ದವನು ಯಾರು, ಏನು ಮಾಡಿದವನು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಔರಾದದಲ್ಲಿ ಒಬ್ಬಳೇ ಇದ್ದ ವಿಧವೆ ತಂಗಿ ಮರಿಯಮಬೀಯನ್ನು ಬೀದರಕ್ಕೆ ಕರೆತರೋಣವೆಂದು ಮಾಸ್ತರರು ಮನೆ ಬಿಟ್ಟಿದ್ದರು. ಮೋಟಾರು ಜನವಾಡದಲ್ಲೇ ನಿಂತುಬಿಟ್ಟಿತು. ಅಲ್ಲಿಂದ ಕಾಲ್ನಡಿಗೆ. ಕುಶನೂರಿನ ಹತ್ತಿರ ದೂರದಲ್ಲಿ ಹೊಗೆ ಕಂಡಿತು, ಕೊಡಲಿ ಹಿಡಿದವರು ಓಡುವುದು ಕಂಡಿತು. ಮಾಸ್ತರರು ತೊಗರಿಯೊಳಗೆ ಬಿದ್ದರು.

ಮೊದಲು ಒಂದು ನಾಯಿ ಬಂದು ಅವರ ಕಿವಿಯನ್ನು ಮೂಸಿತು. ಅದರ ಹಿಂದೆಯೇ ಒಂದು ಹೆಣ್ಣುದನಿ ಕೇಳಿಸಿತು.

“ಯಾರ್ರೀ ಅದು? ತೊಗರ್ಯಾಗ ಯಾಕ ಮಲಗೀರಿ? ಹಾವು ಅದಾವ.”

ತಲೆ ಎತ್ತಿದರೆ ಹಣೆಗೆ ಅರಿಶಿನ ಬಳಿದ, ಹೆಗಲ ಮೇಲೆ ಕರಿ ಕಂಬಳಿ ಹೊತ್ತ, ನಡುವಯಸ್ಸು ದಾಟಿದ ಹೆಂಗಸು. ಕೈಯಲ್ಲಿ ಕುರಿ ಕಾಯುವ ಕೋಲು.

“ನಾ... ಬೀದರ ಸಾಲಿ ಮಾಸ್ತರ. ಕುತುಬೋದ್ದೀನ.” ಹೆಸರು ಹೇಳಿದ ಮೇಲೆ ತಪ್ಪಾಯಿತೇನೋ ಎಂದು ನಾಲಿಗೆ ಕಚ್ಚಿಕೊಂಡರು.

ಹೆಂಗಸು ಅವರ ಗಡ್ಡ ನೋಡಿದಳು, ಶೇರವಾನಿ ನೋಡಿದಳು, ದೂರದ ಹೊಗೆ ನೋಡಿದಳು. ಅರೆಗಳಿಗೆ ಅವಳ ಮುಖ ಕಲ್ಲಾಯಿತು. ಆಮೇಲೆ, “ಮಾಸ್ತರ ಆದ್ರ ಏಳ್ರಿ. ನಮ್ಮ ಹಟ್ಟಿ ಇಲ್ಲೇ ಅದ” ಎಂದು ತಿರುಗಿ ನಡೆದಳು. ಬರುತ್ತಾರೋ ಇಲ್ಲವೋ ಎಂದು ಹೊರಳಿಯೂ ನೋಡಲಿಲ್ಲ.

ಅವಳ ಹೆಸರು ಗಂಗುಬಾಯಿ. ಹಟ್ಟಿ ಅಂದರೆ ಬೀಳು ನೆಲದಲ್ಲಿ ಮುಳ್ಳುಕಂಟಿಯ ಬೇಲಿ ಹಾಕಿದ ಕುರಿಗಳ ತಂಗುದಾಣ. ಒಂದು ಮೂಲೆಯಲ್ಲಿ ಕಂಬಳಿ ಹೊದಿಸಿದ ಗುಡಿಸಲು, ಇನ್ನೊಂದು ಮೂಲೆಯಲ್ಲಿ ಎಳೆಮರಿಗಳ ಗೂಡು, ಅದರ ಪಕ್ಕ ಕತ್ತರಿಸಿದ ಉಣ್ಣೆಯ ರಾಶಿ. ಅವಳ ಗಂಡ ಮಡೆಪ್ಪ ಮಾತು ಕಡಿಮೆಯ ಆಳು. ಮಾಸ್ತರರನ್ನು ಕಂಡು ಅವನು ಕೇಳಿದ್ದು ಇಷ್ಟೇ: “ಉಂಡೀರೇನ್ರಿ?”

ಜೋಳದ ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ, ಕುರಿಹಾಲು. ಮಾಸ್ತರರು ಉಂಡರು, ಉಂಡ ಕೂಡಲೇ ಕೈಮುಗಿದು ಬೇಡಿಕೊಂಡರು.

“ಅಕ್ಕಾ, ನನ್ನ ಎಲ್ಲಾದರೂ ಮುಚ್ಚಿಡ್ರಿ. ಆ ಉಣ್ಣಿ ರಾಶ್ಯಾಗ ಆದ್ರೂ ಸೈ. ಗದ್ದಲ ತಣ್ಣಗಾದ ಮ್ಯಾಲ ಔರಾದಕ್ಕ ಹೋಗ್ತೇನಿ.”

“ಉಣ್ಣ್ಯಾಗ ಉಣ್ಣಿಹುಳ ಅದಾವ್ರಿ. ನಿಮ್ಮ ಗಡ್ಡದಾಗ ಹೊಕ್ಕರ ಮುಗೀತು” ಎಂದಳು ಗಂಗುಬಾಯಿ. “ನಿಮಗ ಎಲ್ಲಿ ಬೇಕು ಅಲ್ಲಿ ಕೂಡ್ರಿ. ಆದ್ರ ನಾ ಯಾರಿಗೂ ಮುಚ್ಚಿಡಂಗಿಲ್ಲ.”

ಮಾಸ್ತರರಿಗೆ ಈ ಮಾತು ಅರ್ಥವಾಗಲಿಲ್ಲ. ಅರ್ಥವಾಗದೇ ಹೋದದ್ದನ್ನು ಕೇಳುವ ಧೈರ್ಯವೂ ಆಗಲಿಲ್ಲ. ಮರಿಗಳ ಗೂಡಿನ ಹಿಂದೆ ಮೊಣಕಾಲು ಮಡಚಿ ಕೂತರು. ಹಗಲೆಲ್ಲ ಅಲ್ಲಿಯೇ. ನಾಯಿ ಬೊಗಳಿದರೆ ತಲೆ ತಗ್ಗಿಸುತ್ತಿದ್ದರು, ಹದ್ದು ಹಾರಿದರೂ ತಲೆ ತಗ್ಗಿಸುತ್ತಿದ್ದರು.

ಆದರೆ ಸಂಜೆ ಅವರು ತಲೆ ಎತ್ತಲೇಬೇಕಾಯಿತು. ಮಡೆಪ್ಪ ಮೇಯಿಸಲು ಒಯ್ದಿದ್ದ ಕುರಿಗಳು ಗುಡ್ಡದ ಇಳಿಜಾರಿನಲ್ಲಿ ಧೂಳೆಬ್ಬಿಸಿಕೊಂಡು ಬಂದವು. ಗಂಗುಬಾಯಿ ಗೂಡಿನ ಬಾಗಿಲು ತೆಗೆದಳು. ನೂರಾರು ಮರಿಗಳು ಒಮ್ಮೆಲೇ ಹೊರಬಿದ್ದು ಕೂಗತೊಡಗಿದವು, ಆ ಕಡೆಯಿಂದ ನೂರಾರು ತಾಯಿಗಳು ಕೂಗಿದವು. ಭೂಮಿಯೇ ಬಾಯಿಬಿಟ್ಟು ಕೂಗಿದ ಹಾಗಿತ್ತು. ಇದರಲ್ಲಿ ಯಾವುದು ಯಾರದು ಎಂದು ತಿಳಿಯುವುದು ಮನುಷ್ಯರಿಂದ ಸಾಧ್ಯವಿಲ್ಲ ಎಂದು ಮಾಸ್ತರರು ಅಂದುಕೊಳ್ಳುವಷ್ಟರಲ್ಲಿ ಗದ್ದಲ ತಾನಾಗಿ ತಗ್ಗಿ, ಹಟ್ಟಿ ತುಂಬ ಹಾಲು ಕುಡಿಯುವ ಸಪ್ಪಳವೊಂದೇ ಉಳಿಯಿತು. ಒಂದು ಮರಿಯೂ ತಪ್ಪಿರಲಿಲ್ಲ. ಬೀದರದ ಕೋಟೆಗೋಡೆಯೊಳಗೆ ಹುಟ್ಟಿ ಬೆಳೆದ ಮಾಸ್ತರರು ಇಂಥದ್ದನ್ನು ಕಂಡಿರಲಿಲ್ಲ. ತಾವು ಅಡಗಿ ಕೂತವರು ಎಂಬುದನ್ನೇ ಮರೆತು ಎದ್ದು ನಿಂತು, “ಸುಭಾನಲ್ಲಾ” ಎಂದರು. ಗಂಗುಬಾಯಿ ನಕ್ಕಳು.

ಅವತ್ತು ಒಲೆಯ ಮುಂದೆ ಮಡೆಪ್ಪ ಬಾಯಿಬಿಟ್ಟ. “ಸಾಲ್ಯಾಗ ಏನು ಕಲಸ್ತೀರಿ ಮಾಸ್ತರ?”

ಮಾಸ್ತರರಿಗೆ ಅಷ್ಟು ಸಾಕಾಯಿತು. ಜೀವ ಬಾಯಿಗೆ ಬಂದಿದ್ದರೂ ಹುಚ್ಚು ಹುಚ್ಚೇ. ಕಡ್ಡಿ ತೆಗೆದುಕೊಂಡು ಒಲೆಯ ಬೂದಿಯಲ್ಲಿ ನಡುವೆ ಗೆರೆ ಎಳೆದರು.

“ನೋಡ್ರಿ ಮಡೆಪ್ಪಣ್ಣಾ, ಇಂಗ್ಲಿಷಿನ್ಯಾಗ ಎರಡು ಶಬ್ದ ಅದಾವ. ಒಂದು ‘ಹೈಡ್’, ಒಂದು ‘ಶೆಲ್ಟರ್’. ಎರಡೂ ಒಂದೇ ಅನಸ್ತಾವ. ಒಬ್ಬಗ ದುಶ್ಮನ್‌ರಿಂದ ಉಳಸೋದು. ಆದ್ರ ಒಂದೇ ಅಲ್ಲ. ‘ಹೈಡ್’ ಅಂದ್ರ ಮುಚ್ಚಿಡೋದು. ರೊಕ್ಕ ಮುಚ್ಚಿಡಬಹುದು, ಕಣ್ಣೀರು ಮುಚ್ಚಿಡಬಹುದು. ದುಶ್ಮನ್‌ರಿಂದಾನೂ ಮುಚ್ಚಿಡಬಹುದು, ದೋಸ್ತರಿಂದಾನೂ ಮುಚ್ಚಿಡಬಹುದು. ‘ಶೆಲ್ಟರ್’ ಹಂಗಲ್ಲ. ರೊಕ್ಕಕ್ಕ ಶೆಲ್ಟರ್ ಅನ್ನಂಗಿಲ್ಲ. ಮಳಿ, ಬಿಸಲು, ಕೊಡಲಿ, ಇಂಥಾದ್ದರಿಂದ ಜೀವ ಕಾಯೋದು ಅದು. ನಮ್ಮ ಉರ್ದೂದಾಗ ಆಸರಾ ಅಂತೇವಲ್ಲ, ಅದು.”

“ನಾವೂ ಆಸರ ಅಂತೇವ್ರಿ” ಎಂದ ಮಡೆಪ್ಪ.

“ಇನ್ನೊಂದು ಅದ. ಹೈಡ್ ಒಬ್ಬನೇ ಮಾಡ್ಕೋಬಹುದು. ಈಗ ನಾ ಗೂಡಿನ ಹಿಂದ ಕೂತೇನಲ್ಲ, ಅದಕ್ಕ ಯಾರೂ ಬೇಕಾಗಿಲ್ಲ. ಶೆಲ್ಟರ್‌ಗೆ ಇನ್ನೊಬ್ಬರು ಬೇಕೇ ಬೇಕು. ಯಾರೂ ಸಿಗಲಿಲ್ಲ ಅಂದ್ರ ಒಂದು ಗಿಡ ಆದ್ರೂ ಬೇಕು.”

ಇಷ್ಟು ಹೇಳಿ ಮಾಸ್ತರರು ಶಾಲೆಯಲ್ಲಿ ಕೇಳುವ ಹಾಗೆಯೇ ಕೇಳಿಬಿಟ್ಟರು: “ತಿಳೀತೇನು?”

ಮಡೆಪ್ಪ ತಲೆಯಾಡಿಸಿದ. ಗಂಗುಬಾಯಿ ಮಾತ್ರ ಬೂದಿಯ ಮೇಲಿನ ಗೆರೆಯನ್ನೇ ನೋಡುತ್ತ ಕೂತಿದ್ದಳು. ರೊಟ್ಟಿ ಹೆಂಚಿನ ಮೇಲೆ ಕರಕಲಾಗುವ ವಾಸನೆ ಬಂದಾಗ ಎಚ್ಚರವಾಗಿ, “ನಿಮ್ಮ ಮಾತಿನ್ಯಾಗ ನನ್ನ ರೊಟ್ಟಿ ಸುಡ್ತು ನೋಡ್ರಿ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಗೆ ಇರಬೇಕು ಎಂದುಕೊಂಡರು ಮಾಸ್ತರರು.

ಕೆಲವು ದಿನ ಹೀಗೆಯೇ ಕಳೆಯಿತು. ಆಮೇಲೆ ಒಂದು ಮುಂಜಾನೆ, ಬಿಸಿಲು ಇನ್ನೂ ಏರುತ್ತಿರುವಾಗ, ಕುಶನೂರಿನ ದಾರಿಯಲ್ಲಿ ನಾಲ್ಕಾರು ಜನ ಬರುವುದು ಕಂಡಿತು. ಹೆಗಲ ಮೇಲೆ ಕೊಡಲಿ. ಎಲ್ಲರ ಮುಂದೆ ಎತ್ತರದ ಆಳು. ಗಂಗುಬಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ನನ್ನ ತಮ್ಮ, ಬಕ್ಕಪ್ಪ. ಭಾಲ್ಕಿ ಕಡಿಂದ ಬಂದಾನ” ಎಂದಳು.

ಅವಳ ತಮ್ಮನೇ! ಮಾಸ್ತರರು ಇನ್ನಷ್ಟು ಕುಗ್ಗಿ ಕೂತರು. ಗೂಡಿನ ಹಿಂದಿನಿಂದಲೇ, “ಅಕ್ಕಾ, ಇಲ್ಲಿ ಯಾರೂ ಇಲ್ಲ ಅನ್ರಿ. ನಿಮ್ಮ ಕಾಲು ಬೀಳ್ತೇನಿ, ಇಲ್ಲ ಅನ್ರಿ ಸಾಕು” ಎಂದು ಪಿಸುಗುಟ್ಟಿದರು. ಗಂಗುಬಾಯಿ ಒಳಗೆ ಹೋದಳು. ಗುಡಿಸಲಿನೊಳಗಿಂದ ಹೊಸ ಕಂಬಳಿ ತಂದು, ಗೂಡಿಗೂ ಬೇಲಿಯ ದಾರಿಗೂ ನಡುವೆ, ಬಯಲಿನಲ್ಲೇ ಹಾಸಿದಳು. ನಡುವೆ ಒಂದು ಹಿಡಿ ಭಂಡಾರ, ಅಂದರೆ ಮೈಲಾರ ಮಲ್ಲಣ್ಣನ ಅರಿಶಿನಪುಡಿ, ಇಟ್ಟು ಕೈಮುಗಿದಳು. ಇವಳಿಗೆ ತಲೆ ಕೆಟ್ಟಿದೆ, ನನ್ನನ್ನು ಕೊಲ್ಲಲು ಬಂದವರಿಗೆ ಹಾಸಿಗೆ ಹಾಸುತ್ತಿದ್ದಾಳೆ ಎಂದು ಮಾಸ್ತರರು ಕಲ್ಮಾ ಹೇಳತೊಡಗಿದರು.

ಕುರುಬರಿಗೆ ಹಾಗೆ ಹಾಸಿದ ಕಂಬಳಿಯೇ ಗದ್ದುಗೆ, ಅದೇ ಗುಡಿ. ಅದರ ಮುಂದೆ ಸುಳ್ಳು ಆಡುವ ಹಾಗಿಲ್ಲ, ಅದರ ಮೇಲೆ ಕೂತವನನ್ನು ಮುಟ್ಟುವ ಹಾಗಿಲ್ಲ. ಇದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನಡೆಯಲು ಕಲಿಯುವಾಗಲೇ ಕಲಿತಿರುತ್ತಾರೆ. ಆದ್ದರಿಂದಲೇ ಸೇಡಿನ ಸಿಟ್ಟಿನಲ್ಲಿ ಉರಿಯುತ್ತ ಬಂದ ಬಕ್ಕಪ್ಪನ ಕಾಲು, ಕಂಬಳಿಯ ಅಂಚಿಗೆ ಬಂದ ಕೂಡಲೇ, ಅವನನ್ನು ಕೇಳದೆ ಚಪ್ಪಲಿ ಕಳಚಿತು. ಬಗ್ಗಿ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡ. ಹಿಂದೆ ಬಂದವರೂ ಹಾಗೆಯೇ ಮಾಡಿದರು. ಯಾರಿಗೂ ತಾವೇನು ಮಾಡಿದೆವೆಂಬ ಅರಿವಿರಲಿಲ್ಲ. ಗಂಗುಬಾಯಿ ನೀರು ಕೊಟ್ಟಳು, ಕುಡಿದರು.

“ಅಕ್ಕಾ, ಒಬ್ಬ ಸಾಬ ಈ ಕಡಿ ಬಂದಾನಂತ. ಕುಶನೂರಾಗ ಹೇಳಿದ್ರು. ನೋಡೀ ಏನು?” ಎಂದ ಬಕ್ಕಪ್ಪ.

“ನೋಡೇನಿ. ನಮ್ಮ ಹಟ್ಟ್ಯಾಗ ಅದಾರ.”

ಮಾಸ್ತರರ ಬಾಯಲ್ಲಿದ್ದ ಕಲ್ಮಾ ಅರ್ಧಕ್ಕೇ ನಿಂತಿತು. ಮಡೆಪ್ಪ ಕುರಿಗಳ ನಡುವಿನಿಂದ ಬಂದು ಹೆಂಡತಿಯ ಪಕ್ಕದಲ್ಲಿ ಕೋಲೂರಿ ನಿಂತ.

“ಮುಚ್ಚಿಟ್ಟೀ ಏನು?” ಬಕ್ಕಪ್ಪನ ದನಿ ಗಡುಸಾಯಿತು.

“ಮುಚ್ಚಿಟ್ಟಿದ್ರ ನಿನಗ ಹೇಳ್ತಿದ್ನೇನು ತಮ್ಮಾ? ನಮ್ಮ ಆಸರದಾಗ ಅದಾರ. ಊರೆಲ್ಲ ಕೇಳಲಿ, ಹಿಂಗೇ ಹೇಳ್ತೇನಿ.”

“ಅಕ್ಕಾ, ಧೊಂಡಿಬಾ ನಿನ್ನ ತಮ್ಮ ಅಲ್ಲೇನು?” ಬಕ್ಕಪ್ಪ ಕೂಗಿಬಿಟ್ಟ. “ಒಂದೇ ಮೊಲಿ ಹಾಲು ಕುಡದೇವಿ ಮೂವರೂ. ರಜಾಕಾರರು ಬಂದ ದಿನ ಅಂವಗ ಏನಾತು ಮರ್ತೀ ಏನು? ನಿನ್ನ ಕೈಯಾಗ ಬೆಳದಾಂವ ಅಂವ!”

ಗೂಡಿನ ಹಿಂದೆ ಮಾಸ್ತರರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಇಷ್ಟು ದಿನ ಇವಳ ಕೈಯ ರೊಟ್ಟಿ ಉಂಡಿದ್ದರು. ಇವಳ ತಮ್ಮನನ್ನು ರಜಾಕಾರರು ಕೊಂದಿದ್ದರು, ಅದನ್ನು ಇವಳು ಒಂದು ಮಾತಿನಲ್ಲೂ ಒಂದು ನೋಟದಲ್ಲೂ ಅವರಿಗೆ ತಿಳಿಯಗೊಟ್ಟಿರಲಿಲ್ಲ. ತೊಗರಿ ಹೊಲದಲ್ಲಿ ಅರೆಗಳಿಗೆ ಕಲ್ಲಾದ ಆ ಮುಖ ಈಗ ಅವರಿಗೆ ಅರ್ಥವಾಯಿತು.

“ಮರೀಲಿಕ್ಕ ಬರ್ತದೇನು?” ಗಂಗುಬಾಯಿಯ ದನಿ ಏರಲಿಲ್ಲ. “ಅವತ್ತು ಅಂವ ಇದ್ದ ಊರ ಗೌಡರು ಅಂವಗ ಹಗೇವಿನ್ಯಾಗ ಇಳಿಸಿದ್ರು. ಜೋಳ ತುಂಬೋ ಕುಣಿಯಾಗ. ಮ್ಯಾಲ ಹಲಗಿ ಮುಚ್ಚಿದ್ರು. ರಜಾಕಾರರು ಬಂದು ಕೇಳಿದ್ರ, ‘ಇಲ್ಲಿ ಯಾರೂ ಇಲ್ಲ’ ಅಂದ್ರು. ಮನಿಗೆ ಬೆಂಕಿ ಹಚ್ಚಿದಾಗ್ಲೂ ಯಾರೂ ಇಲ್ಲ ಅಂದ್ರು. ಹೊಗಿ ತುಂಬಿ ಸತ್ತ ನನ್ನ ಧೊಂಡಿಬಾ, ಕತ್ತಲದಾಗ. ಗೌಡರಿಗೆ ನಾ ಬೈಯಂಗಿಲ್ಲ, ಅವರೂ ಜೀವಕ್ಕ ಅಂಜಿದ್ರು. ಆದ್ರ ಅಷ್ಟು ದೊಡ್ಡ ಊರಾಗ ಒಬ್ಬರರೇ ಬಾಗಲಾಗ ನಿಂತು, ‘ಅದಾನ, ನಮ್ಮಾಂವ ಅದಾನ, ನಮ್ಮನ್ನ ದಾಟಿ ಹೋಗ್ರಿ’ ಅನಲಿಲ್ಲ ತಮ್ಮಾ. ಅವತ್ತೇ ಮಲ್ಲಣ್ಣಗ ಮಾತು ಕೊಟ್ಟೇನಿ. ನನ್ನ ಹಟ್ಟಿಗೆ ಬಂದವರಿಗೆ ನಾ ಇಲ್ಲ ಅನ್ನಂಗಿಲ್ಲ.”

ಮಾಸ್ತರರ ಹೆದರಿಕೆ ಎಲ್ಲಿಗೆ ಹೋಯಿತೆಂಬುದೇ ಅವರಿಗೆ ತಿಳಿಯಲಿಲ್ಲ. ಬೇಲಿಗಿಂತ ಎತ್ತರವಿಲ್ಲದ ಈ ಹೆಂಗಸು ಯಾವ ಎತ್ತರದಿಂದ ಮಾತಾಡುತ್ತಿದ್ದಾಳೆ ಎಂದು ನೋಡಿದರು. ಅವಳು ಆಸರೆ ಕೊಟ್ಟಾಗಿತ್ತು, ತಾವು ಮಾತ್ರ ಇನ್ನೂ ಅಡಗಿ ಕೂತಿದ್ದರು. ಅವಳು ಬಯಲಿನಲ್ಲಿ ನಿಂತು ‘ಅದಾರ’ ಎನ್ನುತ್ತಿದ್ದರೆ, ತಾವು ಮರಿಗಳ ಗೂಡಿನ ಹಿಂದೆ ‘ಇಲ್ಲ’ ಎನ್ನುತ್ತಿದ್ದರು. ತಾವು ಹೊರಗೆ ಬರುವ ತನಕ ಅವಳ ಆಸರೆ ಪೂರ್ತಿಯಾಗುವಂತಿರಲಿಲ್ಲ. ಆ ಹತ್ತು ಮಾರು ಅವರೇ ನಡೆಯಬೇಕಾಗಿತ್ತು.

ಅವರು ಎದ್ದರು. ಗಡ್ಡದಲ್ಲಿ ಹುಲ್ಲು, ಶೇರವಾನಿಯಲ್ಲಿ ಮರಿಗಳ ಹಿಕ್ಕೆ. ಹಾಗೆಯೇ ನಡೆದರು. ಎಲ್ಲರೂ ನೋಡುತ್ತಿದ್ದಂತೆ ಚಪ್ಪಲಿ ಕಳಚಿ, ಕಂಬಳಿಯ ಮೇಲೆ ನಮಾಜಿಗೆ ಕೂತ ಹಾಗೆ ಮೊಣಕಾಲೂರಿ ಕೂತರು.

“ನಾ ಇಲ್ಲಿ ಅದೀನಿ” ಎಂದರು.

ಬಕ್ಕಪ್ಪನ ಕೊಡಲಿ ಮೇಲೆದ್ದಿತು. ಎದ್ದದ್ದು ಅಲ್ಲಿಯೇ ನಿಂತಿತು. ಹಿಂದಿನಿಂದ ಯಾರೋ, “ಬಕ್ಕಣ್ಣಾ, ಕಂಬಳಿ ಅದ” ಎಂದರು. ಬಕ್ಕಪ್ಪ ತನ್ನ ಬರಿಗಾಲು ನೋಡಿಕೊಂಡ. ಅಂಚಿನಾಚೆ ತಾನೇ ಬಿಟ್ಟ ಚಪ್ಪಲಿ ನೋಡಿದ. ಹಣೆಯ ಭಂಡಾರ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಗುಡಿಯ ಮುಂದೆ ನಿಂತ ಹಾಗೆ ನಿಂತುಬಿಟ್ಟಿದ್ದ, ಇನ್ನು ಕೊಡಲಿ ಇಳಿಸಿದರೆ ಅದು ಮಾಸ್ತರರ ಮೇಲಷ್ಟೇ ಇಳಿಯುತ್ತಿರಲಿಲ್ಲ. ಅವನ ಕೈ ಮೆಲ್ಲಗೆ ಕೆಳಗೆ ಬಂತು. ದೊಡ್ಡ ಆಳು, ಸಣ್ಣ ಹುಡುಗನ ಹಾಗೆ ಬಿಕ್ಕಿಬಿಕ್ಕಿ ಅತ್ತ.

ಗಂಗುಬಾಯಿ ಹತ್ತಿರ ಹೋಗಿ ಅವನ ತೋಳು ಹಿಡಿದಳು. ಅವನು ಕೊಡವಿಕೊಂಡ.

“ಮುಟ್ಟಬ್ಯಾಡ. ಧೊಂಡಿಬಾನ ಹೆಣಕ್ಕ ಹೆಗಲು ಕೊಟ್ಟಾಂವ ನಾನು. ನಿನಗ ಅಂವನಕಿಂತ ಇಂವ ಹೆಚ್ಚಾದ. ಇನ್ನ ಪಂಚಮಿಗೆ ನಿನ್ನ ಕರೀಲಿಕ್ಕ ನಾ ಬರಂಗಿಲ್ಲ. ಇವತ್ತಿಗೆ ನಿನ್ನ ತವರ ಮುಗೀತು.”

ಚಪ್ಪಲಿಯನ್ನು ಮೆಟ್ಟದೆ ಕೈಯಲ್ಲಿ ಹಿಡಿದು ಹೊರಟ. ಜೊತೆಯವರು ಹಿಂದೆ ಹೋದರು. ಗಂಗುಬಾಯಿ ಬೇಲಿಯ ತನಕ ಹೋಗಿ, “ತಮ್ಮಾ... ಬಕ್ಕೂ...” ಎಂದು ಎರಡು ಸಲ ಕರೆದಳು. ಅವನು ಹೊರಳಿ ನೋಡಲಿಲ್ಲ. ಜೋಳದ ಹೊಲದ ತಿರುವಿನಲ್ಲಿ ಅವನ ಬೆನ್ನು ಮರೆಯಾಗುವವರೆಗೂ ಅವಳು ಅಲ್ಲಿಯೇ ನಿಂತಿದ್ದಳು.

ತವರು ಮುಗಿಯಿತು ಎಂಬ ಮಾತಿನ ಭಾರ ಮಾಸ್ತರರಿಗೂ ಗೊತ್ತಿತ್ತು. ಅವರಿಗೂ ತಂಗಿ ಇದ್ದಳು. ಗಂಗುಬಾಯಿಯ ಒಬ್ಬ ತಮ್ಮನನ್ನು ಮಾಸ್ತರರ ಧರ್ಮದ ಹೆಸರು ಹೇಳುವ ಜನ ಕೊಂದಿದ್ದರು, ಇನ್ನೊಬ್ಬ ಈಗ ಮಾಸ್ತರರ ಸಲುವಾಗಿ ದೂರವಾದ. ಇದನ್ನು ಹೊತ್ತು ಬದುಕುವುದಾದರೂ ಹೇಗೆ ಎಂದು ಅವರಿಗೆ ಅನ್ನಿಸಿತು. ಕಂಬಳಿಯಿಂದ ಎದ್ದರು. ಕೈಮುಗಿದರು.

“ಅಕ್ಕಾ, ನಾ ಹೋಗ್ತೇನಿ. ಓಡಿ ಹೋಗಿ ನಿಮ್ಮ ತಮ್ಮಗ ಹೇಳ್ತೇನಿ, ನಾ ಹೋದೆ ಅಂತ. ಅಂವ ಹೊಳ್ಳಿ ಬರಲಿ. ನನ್ನ ಸಲುವಾಗಿ ನಿಮ್ಮ ತವರ ಹೋಗೋದು ಬ್ಯಾಡ.”

ಗಂಗುಬಾಯಿ ಬೇಲಿಯಿಂದ ತಿರುಗಿ ಬಂದಳು. ಮುಖ ತೊಯ್ದಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಒಲೆಯ ಮೇಲಿನ ಹೆಂಚು ಮುಟ್ಟಿ ನೋಡಿ, ರೊಟ್ಟಿಯ ಬುಟ್ಟಿ ತಂದು ಅವರ ಮುಂದೆ ಇಟ್ಟಳು.

“ಕೂಡ್ರಿ ಮಾಸ್ತರ” ಎಂದಳು. “ಈಗ ನೀವು ಹೋಗಿ ದಾರ್ಯಾಗ ಸತ್ರ, ನನ್ನ ತವರ ಸುಮ್ಮನ ಹೋದಂಗ ಆಗ್ತದ.”

ಮಾಸ್ತರರು ಕೂತರು. ಮಡೆಪ್ಪ ರೊಟ್ಟಿ ಮುರಿದು ಅವರ ಕೈಗೆ ಕೊಟ್ಟ.